ಒಂದೂವರೆ ಕಿಲೋಮೀಟರ್

ನಮ್ಮೂರಿನಿಂದ ದೊಡ್ಡೂರಿಗೆ ಹೋಗುವ ರಸ್ತೆಯ ಉದ್ದ ಸರ್ಕಾರದ ಪುಸ್ತಕದಲ್ಲಿ ಒಂದೂವರೆ ಕಿಲೋಮೀಟರ್ ಎಂದಿದೆ. ಪುಸ್ತಕ ಸುಳ್ಳು ಹೇಳುವುದಿಲ್ಲ. ನಸುಕಿನಲ್ಲಿ, ಇನ್ನೂ ಒಂದು ಗಾಡಿಯೂ ಹೊರಡದ ಹೊತ್ತಿನಲ್ಲಿ ಸರಪಳಿ ಎಳೆದು ಅಳೆದರೆ ಈಗಲೂ ಸರಿಯಾಗಿ ಅಷ್ಟೇ ಬರುತ್ತದೆ. ಹಾಲಿನ ಟೆಂಪೋ ಹೊರಟಿತೆಂದರೆ ಎರಡಾಗುತ್ತದೆ. ಶಾಲೆಯ ಬಸ್ಸು, ಜಲ್ಲಿಕಲ್ಲಿನ ಟಿಪ್ಪರು, ಕಚೇರಿಗೆ ಹೋಗುವವರ ಸ್ಕೂಟರು ಎಲ್ಲ ಇಳಿದ ಮೇಲೆ ಎಂಟು, ಹತ್ತು. ಕಬ್ಬಿನ ಹಂಗಾಮು ಶುರುವಾಗಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ಸಾಲು ನಿಂತವೆಂದರೆ ಇಪ್ಪತ್ತೆಂಟು, ಮೂವತ್ತು. ಗಾಡಿಗಳು ಎಷ್ಟು ನಿಲ್ಲುತ್ತವೋ ರಸ್ತೆ ಅಷ್ಟು ಬೆಳೆಯುತ್ತದೆ, ಅವು ಹೋದ ಮೇಲೆ ಕುಗ್ಗುತ್ತದೆ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಇದು ಮಳೆಗಾಲದಲ್ಲಿ ಬಾಗಿಲು ಉಬ್ಬಿದ ಹಾಗೆ, ಅಷ್ಟೇ.

ನಾನು ಈ ರಸ್ತೆಯ ಗ್ಯಾಂಗ್‌ಮನ್. ಹೆಸರು ಚನ್ನಬಸವ, ಕರೆಯುವುದು ಕಲ್ಲಿನ ಚನ್ನಬಸವ ಎಂದು. ಪ್ರತಿ ಕಿಲೋಮೀಟರಿಗೂ ಒಂದು ಕಲ್ಲಿರಬೇಕೆಂದು ಕಾನೂನು ಇದೆ. ಸರ್ಕಾರ ತನ್ನ ಪಾಲಿನ ಒಂದು ಕಲ್ಲನ್ನು ಎಂದೋ ನೆಟ್ಟು ಕೈ ತೊಳೆದುಕೊಂಡಿದೆ. ಉಳಿದವು ನನ್ನವು. ಮರದ ಹಲಗೆಗೆ ಹಳದಿ ಬಿಳಿ ಬಣ್ಣ ಬಳಿದು, ಮೇಲೆ ನಂಬರು ಬರೆದು, ತಳ್ಳುಗಾಡಿಯಲ್ಲಿ ಹಾಕಿಕೊಂಡು ಬೆಳಿಗ್ಗೆ ರಸ್ತೆ ಬೆಳೆದಂತೆಲ್ಲ ನೆಡುತ್ತ ಹೋಗುತ್ತೇನೆ. ಸಂಜೆ ಕುಗ್ಗುತ್ತ ಬಂದಂತೆ ಕಿತ್ತುಕೊಂಡು ಬರುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ನನ್ನಷ್ಟು ಈ ರಸ್ತೆಯನ್ನು ಬೈದವರೂ ಇಲ್ಲ, ನೋಡಿಕೊಂಡವರೂ ಇಲ್ಲ.

ತೊಂದರೆ ಏನೆಂದರೆ, ಬೆಳೆದ ರಸ್ತೆ ಡಾಂಬರು ಹಚ್ಚಿಕೊಂಡು ಬರುವುದಿಲ್ಲ. ಪುಸ್ತಕದಲ್ಲಿರುವ ಒಂದೂವರೆ ಕಿಲೋಮೀಟರಿಗೆ ಡಾಂಬರಿದೆ, ಅದು ತುಂಡು ತುಂಡಾಗಿ ಅಲ್ಲಲ್ಲಿ ಹಂಚಿಹೋಗುತ್ತದೆ. ನಡುವೆ ಬೆಳೆದದ್ದೆಲ್ಲ ಬರೀ ಮಣ್ಣು, ಮೊಣಕಾಲುದ್ದ ಗುಂಡಿ. ಗುಂಡಿಗೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತಿದ್ದಕ್ಕೆ ರಸ್ತೆ ಇನ್ನಷ್ಟು ಬೆಳೆಯುತ್ತದೆ. ಇದನ್ನು ಯಾರು ದುರಸ್ತಿ ಮಾಡಬೇಕು ಎಂದು ಕೇಳಿದರೆ, ನಮ್ಮ ಪುಸ್ತಕದಲ್ಲಿ ಅಂಥ ರಸ್ತೆಯೇ ಇಲ್ಲ, ಅದು ಸ್ಥಳೀಯ ಹೊಣೆ ಎನ್ನುತ್ತದೆ ಸರ್ಕಾರ. ಸಂಜೆಗೆ ಮಾಯವಾಗುವ ರಸ್ತೆಗೆ ಜಲ್ಲಿ ಹಾಕಿದರೆ ಜಲ್ಲಿಯೂ ಮಾಯವಾಗುತ್ತದೆ, ನಮ್ಮಿಂದ ಆಗದು ಎನ್ನುತ್ತದೆ ಪಟ್ಟಣ ಪಂಚಾಯಿತಿ. ಹೀಗೆ ಇಬ್ಬರೂ ಸರಿಯಾಗಿಯೇ ಮಾತಾಡುತ್ತಾರೆ, ಗುಂಡಿ ಮಾತ್ರ ಇದ್ದಲ್ಲೇ ಇರುತ್ತದೆ.

ಜನ ಹೊಂದಿಕೊಂಡಿದ್ದಾರೆ. ಹತ್ತು ಗಂಟೆಯ ಕೆಲಸಕ್ಕೆ ಐದಕ್ಕೇ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಚಹದ ಗಾಡಿಯವರು ಯಾವ ಕಲ್ಲಿನ ಹತ್ತಿರ ಸಾಲು ಹೆಚ್ಚು ಹೊತ್ತು ನಿಲ್ಲುತ್ತದೆಂದು ನನ್ನನ್ನು ಕೇಳಿ ಅಲ್ಲಿ ಒಲೆ ಹಚ್ಚುತ್ತಾರೆ. ಯಾರಾದರೂ ಹೊಸ ಸ್ಕೂಟರು ಕೊಂಡರೆ ನೆರೆಯವರು ಪೇಢೆ ತಿಂದು, ನಮಗೆ ಇನ್ನೂ ನಾಲ್ಕು ಮಾರು ಜಾಸ್ತಿ ಮಾಡಿದಿಯಲ್ಲ ಮಾರಾಯ ಎಂದು ಮುಖ ಸಿಂಡರಿಸುತ್ತಾರೆ. ಮುಂದಿನ ತಿಂಗಳು ತಾವೂ ಒಂದು ಕೊಳ್ಳುತ್ತಾರೆ.

ಇನ್ನು ಹಾದಿ ಬಿಡುವ ಪದ್ಧತಿ. ದೊಡ್ಡೂರಿನ ಆಚೆ, ಹೊಳೆಯ ದಂಡೆಯಲ್ಲಿ ನಮ್ಮ ರುದ್ರಭೂಮಿ ಇದೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಊರ ಬಾಗಿಲ ಕಂಬಕ್ಕೆ ನಾನು ಬಿಳಿ ಬಟ್ಟೆ ಕಟ್ಟುತ್ತೇನೆ. ಬಟ್ಟೆ ಮೇಲಿರುವ ತನಕ ಯಾರೂ ಗಾಡಿ ತೆಗೆಯುವುದಿಲ್ಲ, ತೆಗೆದವರು ಹೊಲಕ್ಕೆ ಇಳಿಸಿ ನಿಲ್ಲಿಸುತ್ತಾರೆ. ರಸ್ತೆ ಕುಗ್ಗುತ್ತದೆ, ಹೆಣ ಹೊತ್ತವರ ಹೆಗಲು ನೋಯುವ ಮೊದಲೇ ಹೊಳೆ ಸಿಗುತ್ತದೆ. ದೊಡ್ಡ ಅತಿಥಿ ಬಂದರೂ ಅಷ್ಟೇ, ಅವರನ್ನು ಮೂವತ್ತು ಕಿಲೋಮೀಟರು ಅಲೆಸುವುದು ಊರಿಗೆ ಮರ್ಯಾದೆ ಅಲ್ಲ. ಸತ್ತವರಿಗೆ ಮತ್ತು ಅತಿಥಿಗಳಿಗೆ, ಈ ಎರಡಕ್ಕೇ ಬಟ್ಟೆ. ಕಟ್ಟುವವನೂ ಬಿಚ್ಚುವವನೂ ಗ್ಯಾಂಗ್‌ಮನ್ ಒಬ್ಬನೇ. ಆ ಗಂಟನ್ನು ಬೇರೆಯವರು ಮುಟ್ಟಿದ್ದನ್ನು ನಾನು ನೋಡಿಲ್ಲ, ನನ್ನ ಅಪ್ಪನೂ ನೋಡಿರಲಿಲ್ಲ.

ನನ್ನನ್ನು ಸಾಕಿದವಳು ಅಕ್ಕ ನೀಲಮ್ಮ. ಅವ್ವ ತೀರಿಕೊಂಡಾಗ ನನಗೆ ಆರು, ಅವಳಿಗೆ ಹದಿನಾರು. ಗಂಡನ ಮನೆಗೆ ಹೋದವಳು ಎರಡೇ ವರ್ಷದಲ್ಲಿ ಕುಂಕುಮ ಅಳಿಸಿಕೊಂಡು ಬಂದಳು. ಬಂದವಳೇ ಜೋಳದ ರೊಟ್ಟಿ ಬಡಿದು ಮಾರಿ ನನ್ನನ್ನು ದೊಡ್ಡವನನ್ನಾಗಿ ಮಾಡಿದಳು. ಅವಳ ರೊಟ್ಟಿಯ ಸಪ್ಪಳ ಕೇಳಿಯೇ ನಮ್ಮ ಓಣಿ ಏಳುತ್ತಿತ್ತು. ಎರಡು ವರ್ಷದ ಹಿಂದೆ ಅವಳ ಕಾಲು ಬಾತವು, ಆಮೇಲೆ ಮುಖ ಬಾತಿತು. ದೊಡ್ಡೂರಿನ ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ, ವಾರಕ್ಕೆ ಎರಡು ಸಲ ಮಶೀನಿನಲ್ಲಿ ರಕ್ತ ತೊಳೆಯಬೇಕು ಎಂದರು. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ಅವಳ ಪಾಳಿ, ನಾಲ್ಕು ತಾಸು ಹಿಡಿಯುತ್ತದೆ. ಇರುವುದು ಒಂದೇ ಮಶೀನು. ಹತ್ತೂವರೆಯವರೆಗೆ ಕಾಯುತ್ತಾರೆ, ಆಮೇಲೆ ಅದು ಮುಂದಿನವರಿಗೆ.

ಮಹಬೂಬನ ಆಟೋದಲ್ಲಿ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಆರಕ್ಕೆ ಬಿಟ್ಟರೆ ಸಾಕಾಗುತ್ತಿತ್ತು. ಹಂಗಾಮು ಬಂದ ಮೇಲೆ ನಾಲ್ಕಕ್ಕೆ ಬಿಟ್ಟರೂ ಸಾಕಾಗಲಿಲ್ಲ, ಯಾಕೆಂದರೆ ಟ್ರ್ಯಾಕ್ಟರಿನವರು ಮೂರಕ್ಕೇ ಬಿಡಲು ಶುರು ಮಾಡಿದರು. ಅವಳು ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವ ಹಾಗಿರಲಿಲ್ಲ. ಧೂಳಿನಲ್ಲಿ ಕೂತು ಬಾಯಿ ಆರಿದರೆ ಸೆರಗಿನ ಗಂಟಿನಿಂದ ಒಣ ನೆಲ್ಲಿಕಾಯಿಯ ಚೂರು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಲ್ಲು ನೆಡುತ್ತ ಹೋಗುವ ನಾನು ದಾರಿಯಲ್ಲಿ ಎಲ್ಲಾದರೂ ಸಿಗುತ್ತಿದ್ದೆ. ಆಟೋದಿಂದ ಇಣುಕಿ ನನ್ನ ಕೈಯಲ್ಲಿರುವ ನಂಬರು ನೋಡುತ್ತಿದ್ದಳು. ನಾನು ನೆಟ್ಟ ಒಂದೊಂದು ಕಲ್ಲೂ ಅವಳನ್ನು ಮಶೀನಿನಿಂದ ದೂರ ಮಾಡುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಕಲ್ಲು ನೆಡದಿದ್ದರೂ ರಸ್ತೆ ಬೆಳೆಯುತ್ತದೆ ಎಂಬುದು ಗೊತ್ತಿದ್ದೂ ಅನ್ನಿಸುತ್ತಿತ್ತು.

ಈ ಸಲದ ಹಂಗಾಮಿನಲ್ಲೇ ಸರ್ಕಾರದ ಯೋಜನೆ ಬಂತು. ಗಾಡಿ ದಟ್ಟಣೆ ಇರುವ ಊರೂರ ನಡುವಿನ ರಸ್ತೆಗಳನ್ನು ಅಗಲ ಮಾಡಿ ಎರಡು ಸಾಲು ಮಾಡುತ್ತಾರಂತೆ, ಅರ್ಧ ಅನುದಾನ ಸರ್ಕಾರದ್ದು, ಉಳಿದರ್ಧ ಸ್ಥಳೀಯ ಹೊಣೆ. ನಮ್ಮ ಪಂಚಾಯಿತಿ ಅಧ್ಯಕ್ಷರು ಸಂಗನಗೌಡರು. ಒಳ್ಳೆಯ ಮನುಷ್ಯ, ಹದಿನಾಲ್ಕು ಟ್ರ್ಯಾಕ್ಟರಿನ ಒಡೆಯ. ಅವರು ಸಭೆ ಕರೆದು, ಎರಡು ಸಾಲಾದರೆ ಗಾಡಿ ನಿಲ್ಲುವುದಿಲ್ಲ, ಗಾಡಿ ನಿಲ್ಲದಿದ್ದರೆ ರಸ್ತೆ ಬೆಳೆಯುವುದಿಲ್ಲ, ಒಂದೂವರೆ ಕಿಲೋಮೀಟರಿಗೆ ಖಾಯಂ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ನಮ್ಮ ಪಾಲಿನ ಅರ್ಧಕ್ಕೆ ಕಲ್ಲು, ಮಣ್ಣು, ಆಳು ಕೊಡುವುದಕ್ಕೆ ಇಡೀ ಊರು ಅವತ್ತೇ ಕೈ ಎತ್ತಿತು. ಇಂಥ ಒಗ್ಗಟ್ಟನ್ನು ನಾನು ಹಿಂದೆ ನೋಡಿರಲಿಲ್ಲ. ಅರ್ಜಿ ಹೋಯಿತು. ಇಂಜಿನಿಯರ್ ಸಾಹೇಬರು ಬಂದು ಉದ್ದ ಅಳೆದು, ಗಾಡಿ ಎಣಿಸಿ ವರದಿ ಕೊಡುತ್ತಾರೆ, ವರದಿಯ ಮೇಲೆ ಅನುದಾನ ಎಂದು ಉತ್ತರ ಬಂತು.

ಅಕ್ಕನಿಗೆ ಹೇಳಿದಾಗ ಒಲೆಯ ಮುಂದೆ ಕೂತಿದ್ದಳು. ಯುಗಾದಿಯೊಳಗ ಆಗ್ತದೇನೋ ತಮ್ಮಾ ಎಂದು ಕೇಳಿದಳು. ಆಗುತ್ತದೆ ಎಂದೆ. ಅಷ್ಟು ದಿನ ಹೆಂಗರ ತಳ್ತೀನಿ ಬಿಡು ಎಂದು ತಿರುಗಿ ಹಿಟ್ಟು ನಾದಿದಳು. ತಳ್ಳುತ್ತೇನೆ ಎಂದು ಅವಳು ಹೇಳಿದ್ದು ಜೀವವನ್ನು ಎಂಬುದು ನನಗೆ ಅರ್ಥವಾಗಿತ್ತು.

ಸಾಹೇಬರು ಶುಕ್ರವಾರ ಬರುತ್ತಾರೆಂದು ಗೊತ್ತಾದದ್ದೇ ತಡ, ಊರು ಮದುವೆ ಮನೆಯಾಯಿತು. ರಸ್ತೆಯ ಎರಡೂ ಬದಿಗೆ ಸುಣ್ಣ ಬಳಿದರು. ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದರು. ಗುರುವಾರ ಸಂಜೆ ಸಂಗನಗೌಡರು ನನ್ನನ್ನು ಕರೆದು ಬೆಳಿಗ್ಗೆ ಬಟ್ಟೆ ಕಟ್ಟಲು ಹೇಳಿದರು. ಅನುದಾನ ಕೊಡಲು ಬರುವ ಅತಿಥಿಗೆ ಹಾದಿ ಬಿಡದಿದ್ದರೆ ಇನ್ನಾರಿಗೆ ಬಿಡುವುದು? ಯಾರ ತಲೆಯಲ್ಲೂ ಬೇರೆ ವಿಚಾರ ಸುಳಿಯಲಿಲ್ಲ. ಟಿಪ್ಪರಿನವರೂ ಟ್ರ್ಯಾಕ್ಟರಿನವರೂ ಒಂದು ದಿನದ ಕೆಲಸ ಬಿಟ್ಟು ಖುಷಿಯಿಂದ ಒಪ್ಪಿದರು. ನಾನಂತೂ ಎಲ್ಲರಿಗಿಂತ ಹೆಚ್ಚು ಖುಷಿಯಾದೆ. ಶುಕ್ರವಾರ ಅಕ್ಕನ ಪಾಳಿ. ಒಂದು ಆಟೋದಿಂದ ಏನಾಗುತ್ತದೆ ಎಂದು ಮಹಬೂಬನ ಕಿವಿಯಲ್ಲಿ ಹೇಳಿ, ಅವನೊಬ್ಬನಿಗೆ ಹೋಗಿಬರಲು ಗುಟ್ಟಾಗಿ ಒಪ್ಪಿಗೆ ಕೊಟ್ಟೆ.

ಆ ಶುಕ್ರವಾರ ಅಕ್ಕ ಒಂಬತ್ತೂವರೆಯವರೆಗೆ ಮನೆಯಲ್ಲೇ ಇದ್ದಳು. ಎರಡು ವರ್ಷದಲ್ಲಿ ಮೊದಲ ಸಲ ಆಸ್ಪತ್ರೆಯ ದಿನ ರೊಟ್ಟಿ ಬಡಿದಳು, ತಲೆ ಬಾಚಿಕೊಂಡಳು. ಆಟೋ ನಾಲ್ಕು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿತಂತೆ. ಅಲ್ಲಿಯ ನರ್ಸಮ್ಮ ಗಡಿಯಾರ ನೋಡಿ, ಇವತ್ತು ಸೂರ್ಯ ಎಲ್ಲಿ ಹುಟ್ಟಿದ ನೀಲಮ್ಮ ಎಂದು ನಕ್ಕರಂತೆ. ನಾಲ್ಕು ತಾಸು ತುಂಬ ಮಶೀನು ಸಿಕ್ಕಿತು.

ಸಾಹೇಬರು ಬಂದದ್ದು ಹನ್ನೆರಡಕ್ಕೆ. ಹಾರ ಹಾಕಿಸಿಕೊಂಡರು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಂಡರು. ಕೈ ತೊಳೆದ ಮೇಲೆ ಟೇಪು ಹಿಡಿಯುವವನನ್ನೂ ಬರೆಯುವವನನ್ನೂ ಕರೆದುಕೊಂಡು ರಸ್ತೆಗೆ ಇಳಿದರು. ನಾನು ಕಂಬದ ಬುಡದಲ್ಲಿ ನಿಂತಿದ್ದೆ. ರಸ್ತೆ ಎಂಥ ಚಂದ ಕಾಣುತ್ತಿತ್ತು, ಡಾಂಬರು ಒಂದೇ ಪಟ್ಟಿಯಾಗಿ ಕೂಡಿಕೊಂಡು, ಒಂದು ಗುಂಡಿಯಿಲ್ಲದೆ, ಆ ತುದಿಯ ಆಸ್ಪತ್ರೆಯ ಗೇಟು ಇಲ್ಲಿಂದಲೇ ಕಾಣುತ್ತಿತ್ತು. ಇಪ್ಪತ್ತಾರು ವರ್ಷ ನೋಡಿಕೊಂಡ ರಸ್ತೆಯ ಬಗ್ಗೆ ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ಗಂಟೆ ದಾಟಿದ ಮೇಲೆ ಮಹಬೂಬನ ಆಟೋ ಅಕ್ಕನನ್ನು ಕರೆದುಕೊಂಡು ವಾಪಸು ಬಂತು. ಸಾಹೇಬರ ಪಕ್ಕದಿಂದಲೇ ಹಾದು ಬಂತು. ಅಕ್ಕನ ಮುಖ ಇಳಿದು ಮೊದಲಿನ ಮುಖ ಬಂದಿತ್ತು. ಕಂಬದ ಹತ್ತಿರ ಆಟೋ ನಿಲ್ಲಿಸಲು ಹೇಳಿ, ಮೇಲೆ ಹಾರಾಡುವ ಬಟ್ಟೆ ನೋಡಿದಳು, ಹಿಂತಿರುಗಿ ರಸ್ತೆಯಲ್ಲಿ ಟೇಪು ಹಿಡಿದವರನ್ನು ನೋಡಿದಳು.

“ಅಲ್ಲೋ ತಮ್ಮಾ, ಸಾಹೇಬ್ರು ಬಂದದ್ದು ರಸ್ತೆ ನೋಡಾಕಲ್ಲೇನು? ನೀವು ರಸ್ತೆ ಮಡಚಿ ಇಟ್ಟೀರಿ, ಅವ್ರು ಏನ್ ನೋಡ್ಬೇಕು?”

ಸಂಗನಗೌಡರು ಸ್ವಲ್ಪ ದೂರದಲ್ಲಿ ನಿಂತಿದ್ದರು. ಓಡಿಹೋಗಿ ಹೇಳಿದೆ. ಅವರ ಮುಖದ ಬಣ್ಣ ಹೋಯಿತು, ಆದರೂ ದನಿ ಏರಿಸಲಿಲ್ಲ. ಅತಿಥಿ ರಸ್ತೆಯ ಮೇಲಿರುವಾಗ ಬಟ್ಟೆ ಇಳಿಸುವುದೆಂದರೆ ಅವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ, ಊರ ಮಾನ ಹೋಗುತ್ತದೆ, ಇರಲಿ, ಉಳಿದದ್ದನ್ನು ನಾವು ಬಾಯಿಮಾತಿನಲ್ಲಿ ಹೇಳೋಣ ಎಂದರು. ನಾನು ಕಂಬದ ಹತ್ತಿರ ವಾಪಸು ಬಂದೆ. ಬಟ್ಟೆಯ ಗಂಟಿನ ಮೇಲೆ ಕೈ ಇಟ್ಟೆ. ಹೊಲಗಳಲ್ಲಿ ಟ್ರ್ಯಾಕ್ಟರುಗಳು ಕಬ್ಬು ತುಂಬಿಕೊಂಡೇ ನಿಂತಿದ್ದವು. ಎಳೆದಿದ್ದರೆ ಕಾಲು ತಾಸಿನಲ್ಲಿ ಸಾಹೇಬರ ಟೇಪು ಅವರ ಕೈಯಲ್ಲೇ ಸಾಲದೆ ಹೋಗುತ್ತಿತ್ತು. ಕೈ ಇಟ್ಟೆ, ಎಳೆಯಲಿಲ್ಲ. ಅತಿಥಿ ರಸ್ತೆಯ ಮೇಲಿರುವಾಗ ಬಟ್ಟೆ ಇಳಿಸಿದ ಗ್ಯಾಂಗ್‌ಮನ್ ಆಗುವ ಧೈರ್ಯ ನನಗಿರಲಿಲ್ಲ. ಅಕ್ಕ ಆಟೋದಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ನಡಿಯೋ ಮಹಬೂಬ, ಮನಿಗೆ ಹೋಗೂಣು ಎಂದಳು.

ಸಂಜೆ ಬಾಯಿಮಾತಿನಲ್ಲಿ ಹೇಳಿದರು. ಸಾಹೇಬರು ಸಜ್ಜನರು, ಎಲ್ಲವನ್ನೂ ಕೇಳಿಸಿಕೊಂಡರು, ತಾಂಬೂಲ ತೆಗೆದುಕೊಂಡು ಜೀಪು ಹತ್ತಿದರು. ತಿಂಗಳ ಮೇಲೆ ಕಾಗದ ಬಂತು. ಪಂಚಾಯಿತಿಯ ಗುಮಾಸ್ತ ಗಟ್ಟಿಯಾಗಿ ಓದಿದ. ರಸ್ತೆಯ ಉದ್ದ ಒಂದೂವರೆ ಕಿಲೋಮೀಟರ್, ದಾಖಲೆಯೊಂದಿಗೆ ತಾಳೆಯಾಗಿದೆ. ಮೇಲ್ಮೈ ಉತ್ತಮ. ಎರಡು ತಾಸಿನ ಎಣಿಕೆಯಲ್ಲಿ ಕಂಡ ವಾಹನ ಒಂದು ಆಟೋ, ಯಾವ ಅಡಚಣೆಯೂ ಇಲ್ಲದೆ ನಾಲ್ಕು ನಿಮಿಷದಲ್ಲಿ ಹಾದುಹೋಗಿದೆ. ದಟ್ಟಣೆ ಕಂಡುಬಂದಿಲ್ಲವಾದ್ದರಿಂದ ಅನುದಾನಕ್ಕೆ ಅರ್ಹವಲ್ಲ. ದಾಖಲೆಯ ಉದ್ದ ಮೀರಿ ರಸ್ತೆ ಇದ್ದಲ್ಲಿ ಅದರ ನಿರ್ವಹಣೆ ಸ್ಥಳೀಯ ಹೊಣೆ.

ಆ ಒಂದು ಆಟೋಗೆ ಒಪ್ಪಿಗೆ ಕೊಟ್ಟವರು ಯಾರೆಂದು ನನಗೂ ಮಹಬೂಬನಿಗೂ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಕಾಗದದಲ್ಲಿ ಬರೆದದ್ದನ್ನು ಅಕ್ಕನಿಗೆ ನಾನು ಹೇಳಲಿಲ್ಲ. ಮಹಬೂಬ ಹೇಳಿದ. ಅವಳು ಬಹಳ ಹೊತ್ತು ನಕ್ಕಳಂತೆ, ಸರ್ಕಾರದ ಕಾಗದದಾಗ ನನ್ನ ಸವಾರಿ ಬಂತಲ್ಲೋ ಎಂದಳಂತೆ.

ಮತ್ತೆ ಅರ್ಜಿ ಬರೆದೆವು. ಅರ್ಜಿ ಹಿಡಿದು ನಾನೇ ಜಿಲ್ಲಾ ಕಚೇರಿಗೆ ಹೋದೆ. ಅಲ್ಲಿ ಕೂತಿದ್ದ ಹೆಣ್ಣುಮಗಳು ತಾಳ್ಮೆಯಿಂದಲೇ ಮಾತಾಡಿಸಿದಳು. ಪರಿಶೀಲನೆ ಐದು ವರ್ಷಕ್ಕೆ ಒಂದೇ ಸಲವಂತೆ. ಬೆಳಿಗ್ಗೆ ಇದ್ದು ಸಂಜೆಗೆ ಇಲ್ಲದ ಉದ್ದವನ್ನು ಬರೆಯಲು ಅವಳ ನಮೂನೆಯಲ್ಲಿ ಕಾಲಂ ಇರಲಿಲ್ಲ. ಅವಳ ತಪ್ಪೇನೂ ಇಲ್ಲ. ತಪ್ಪು ಮಾಡಿದವರನ್ನು ಹುಡುಕುತ್ತ ಹೋದರೆ ಯಾವಾಗಲೂ ನಾನು ಕಂಬದ ಬುಡಕ್ಕೇ ವಾಪಸು ಬರುತ್ತಿದ್ದೆ.

ಹಂಗಾಮು ಏರಿತು. ಅಕ್ಕನಿಗೆ ಒಂದು ಮಂಗಳವಾರ ಪಾಳಿ ತಪ್ಪಿತು, ಆಮೇಲೆ ಒಂದು ಶುಕ್ರವಾರ. ಡಾಕ್ಟರು ಹೀಗೆಯೇ ಆದರೆ ನಾವು ಜವಾಬ್ದಾರರಲ್ಲ ಎಂದರು. ಅವರೂ ಆ ಮಾತು ಕಲಿತಿದ್ದರು. ನಾನು ಪಂಚಾಯಿತಿ ಸಭೆಗೆ ಹೋಗಿ ಕೈ ಮುಗಿದು ನಿಂತೆ. ಕೇಳಿದ್ದು ಇಷ್ಟೇ. ಮಂಗಳವಾರ, ಶುಕ್ರವಾರ ಒಂಬತ್ತೂವರೆಯಿಂದ ಹತ್ತರವರೆಗೆ ಅರ್ಧ ತಾಸು ಬಟ್ಟೆ ಕಟ್ಟಲು ಅಪ್ಪಣೆ ಕೊಡಿ. ಸರ್ಕಾರ ಸ್ಥಳೀಯ ಹೊಣೆ ಎಂದಿದೆ, ಈ ಊರಿನ ಕೈಯಲ್ಲಿ ಇಷ್ಟು ಇದೆ.

ಯಾರೂ ಒರಟಾಗಿ ಮಾತಾಡಲಿಲ್ಲ. ನೀಲಕ್ಕನ ರೊಟ್ಟಿ ತಿಂದು ಬೆಳೆದವರು ನಾವು ಎಂದೇ ಎಲ್ಲರೂ ಮಾತು ಶುರು ಮಾಡಿದರು. ಟಿಪ್ಪರಿನವನು, ಹತ್ತರೊಳಗೆ ಜಲ್ಲಿ ಮುಟ್ಟದಿದ್ದರೆ ಗುತ್ತಿಗೆ ಹೋಗುತ್ತದೆ ಎಂದ. ಶಾಲೆಯ ಮೇಷ್ಟರು ಮಕ್ಕಳ ಪರೀಕ್ಷೆ ಎಂದರು. ಕಬ್ಬಿನವರು ಕಾರ್ಖಾನೆಯ ಗೇಟಿನ ಪಾಳಿ ತಪ್ಪಿದರೆ ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ ಎಂದರು. ಒಬ್ಬೊಬ್ಬರ ಮಾತೂ ಖರೆಯೇ. ಕೊನೆಗೆ ಎಲ್ಲರೂ ಸಂಗನಗೌಡರ ಮುಖ ನೋಡಿದರು.

“ಚನ್ನಬಸವಾ, ನೀ ಕೇಳೂದು ತಪ್ಪಲ್ಲ. ಆದ್ರ ಆ ಬಟ್ಟಿ ಸತ್ತವ್ರಿಗೆ ಮತ್ತ ಅತಿಥಿಗೊಳಿಗೆ ಐತಿ. ಬ್ಯಾನಿ ಬಿದ್ದವ್ರಿಗೆ ಕಟ್ಟಾಕ ಹತ್ತಿದ್ರ, ನಾಳಿ ಮನಿಗೊಬ್ರು ಬರ್ತಾರ. ಆಗ ಯಾರಿಗೆ ಇಲ್ಲ ಅನ್ನೂದು?”

ಮನೆಗೊಬ್ಬರು ಬಂದರೆ ಬರಲಿ, ಊರಲ್ಲಿ ಮನೆಗೊಬ್ಬರು ಬೇನೆ ಬಿದ್ದಿದ್ದರೆ ಅದಕ್ಕಾದರೂ ರಸ್ತೆ ಬೇಡವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಗೌಡರ ಮುಂದೆ ನನ್ನ ನಾಲಿಗೆ ಮೊದಲಿನಿಂದಲೂ ಗಿಡ್ಡ. ಅಪ್ಪಣೆ ಇಲ್ಲದೆ ಬಟ್ಟೆ ಕಟ್ಟಬಹುದಿತ್ತು, ಅದನ್ನೂ ಮಾಡಲಿಲ್ಲ. ಮನೆಗೆ ಬಂದು ಅಕ್ಕನ ಮುಂದೆ ಕೂತು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, ಇನ್ನೊಮ್ಮೆ ನನ್ನ ಸಲುವಾಗಿ ಯಾರ ಮುಂದೂ ಕೈ ಮುಗಿಯಬೇಡ ಎಂದು ಗದರಿದಳು. ಆ ಕೈ ಬಾತು ಭಾರವಾಗಿತ್ತು.

ಕಡೆಯ ಮಂಗಳವಾರ ನಾನು ತಳ್ಳುಗಾಡಿಯನ್ನು ಬದಿಗಿಟ್ಟು, ಹಲಗೆಗಳನ್ನು ಆಟೋದ ಮೇಲೆ ಕಟ್ಟಿ, ಅವಳ ಜೊತೆ ಆಟೋದಲ್ಲೇ ಕೂತೆ. ಆದರೂ ಗಾಡಿ ನಿಂತಾಗೆಲ್ಲ ಇಳಿದು ಓಡಿ ಕಲ್ಲು ನೆಟ್ಟು ಬರುತ್ತಿದ್ದೆ, ಅಭ್ಯಾಸದ ಬಲ. ಮುಂದೆ ಕಬ್ಬಿನ ಟ್ರೇಲರು ಒಂದು ಗುಂಡಿಗೆ ಇಳಿದು ವಾಲಿತ್ತು. ಹತ್ತು ಹೊಡೆಯಿತು, ಹತ್ತೂವರೆಯಾಯಿತು. ಅಕ್ಕನ ಉಸಿರು ಸಣ್ಣಗೆ ಸದ್ದು ಮಾಡುತ್ತಿತ್ತು. ಅವಳಿಗೆ ಕಣ್ಣು ಮಂಜಾಗಿ ಹೊರಗಿನ ನಂಬರು ಕಾಣುತ್ತಿರಲಿಲ್ಲ. ಎಷ್ಟನೆ ಕಲ್ಲೋ ತಮ್ಮಾ ಎಂದು ಕೇಳಿದಳು. ನಾವಿದ್ದದ್ದು ಹದಿನೇಳನೆಯ ಕಲ್ಲಿನ ಹತ್ತಿರ, ಮುಂದೆ ಇನ್ನೂ ಹದಿಮೂರು ನೆಡಬೇಕಿತ್ತು.

“ಇಪ್ಪತ್ತೊಂಬತ್ತು, ಅಕ್ಕಾ. ಬಂದೇಬಿಟ್ವಿ.”

“ಹೂಂ. ಕಲ್ಲು ನೆಟ್ಟಾಂವ ನೀನ. ನೀ ಹೇಳಿದ್ದ ಖರೆ.”

ಸೆರಗಿನ ಗಂಟು ಬಿಚ್ಚಿ ಉಳಿದಿದ್ದ ನೆಲ್ಲಿಕಾಯಿಯ ಚೂರನ್ನು ನನ್ನ ಕೈಯಲ್ಲಿ ಇಟ್ಟಳು. ನನ್ನ ಸುಳ್ಳು ಅವಳಿಗೆ ಗೊತ್ತಾಗಿತ್ತು. ಮಶೀನು ಬೇರೆಯವರಿಗೆ ಹೋಗಿತ್ತು. ಮಹಬೂಬ ಅಲ್ಲಿಂದಲೇ ಆಟೋ ತಿರುಗಿಸಿದ. ಗುರುವಾರ ಮಧ್ಯಾಹ್ನ, ಓಣಿಯ ಹೆಂಗಸರು ಸುತ್ತ ಕೂತಿರುವಾಗ, ಅಕ್ಕ ಹೋದಳು.

ಶುಕ್ರವಾರ ಬೆಳಿಗ್ಗೆ ನಾನು ಯಾರನ್ನೂ ಕೇಳದೆ ಹೋಗಿ ಕಂಬಕ್ಕೆ ಬಿಳಿ ಬಟ್ಟೆ ಕಟ್ಟಿದೆ. ಈ ಸಲ ಅಪ್ಪಣೆ ಬೇಕಿರಲಿಲ್ಲ. ಹತ್ತೇ ನಿಮಿಷದಲ್ಲಿ ರಸ್ತೆ ಖಾಲಿಯಾಯಿತು. ಟ್ರ್ಯಾಕ್ಟರುಗಳು ಕಬ್ಬು ಹೊತ್ತುಕೊಂಡೇ ಹೊಲಕ್ಕಿಳಿದವು. ಟಿಪ್ಪರಿನವನು ಇಂಜಿನ್ ಬಂದ್ ಮಾಡಿ ಕೆಳಗಿಳಿದು ತಲೆಯ ಟವೆಲು ತೆಗೆದ. ಶಾಲೆಯ ಬಸ್ಸನ್ನು ಮೇಷ್ಟರೇ ಒಳಗೆ ನಿಲ್ಲಿಸಿ ಮಕ್ಕಳನ್ನು ಕೈ ಮುಗಿಸಿ ಸಾಲಾಗಿ ನಿಲ್ಲಿಸಿದರು. ಸಂಗನಗೌಡರು ಚಪ್ಪಲಿ ಬಿಟ್ಟು ಬಂದು ಸ್ವತಃ ಹೆಗಲು ಕೊಟ್ಟರು, ಅವರ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರೇ. ಇಷ್ಟು ಮರ್ಯಾದೆ ನಮ್ಮೂರಿನಲ್ಲಿ ಸಾಯದೆ ಯಾರಿಗೂ ಸಿಗುವುದಿಲ್ಲ.

ಒಂಬತ್ತೂಕಾಲಿಗೆ ಮನೆ ಬಿಟ್ಟೆವು. ಭಜನೆಯವರು ಮೊದಲ ಪದ ಮುಗಿಸಿ ಎರಡನೆಯದು ಎತ್ತಿಕೊಳ್ಳುವಾಗ ಆಸ್ಪತ್ರೆಯ ಗೇಟು ಬಂದೇಬಿಟ್ಟಿತು. ಹೊಳೆಗೆ ಹೋಗಲು ಅದರ ಮುಂದೆಯೇ ಹಾಯಬೇಕು. ನರ್ಸಮ್ಮ ಹೊರಗೆ ನಿಂತಿದ್ದರು, ಯಾರ ಹೆಣ ಎಂದು ಕೇಳಿ ತಿಳಿದು ಬಾಯಿಗೆ ಸೆರಗು ಹಿಡಿದರು. ನಾನು ಒಳಗಿನ ಗೋಡೆಯ ಗಡಿಯಾರ ನೋಡಿದೆ. ಹತ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಅಕ್ಕ ಪಾಳಿಗೆ ಮುಂಚೆ ಬಂದಿದ್ದಳು. ನಾವು ನಿಲ್ಲದೆ ಮುಂದೆ ಹೋಗಿ ಹೊಳೆಯ ದಂಡೆಯಲ್ಲಿ ಅವಳನ್ನು ಮಣ್ಣು ಮಾಡಿದೆವು.

ಹನ್ನೊಂದಕ್ಕೆಲ್ಲ ಊರಿಗೆ ವಾಪಸು ಬಂದೆವು. ಮಣ್ಣು ಮಾಡಿ ಬಂದ ಮೇಲೆ ಬಟ್ಟೆ ಇಳಿಸುವುದು ಪದ್ಧತಿ. ನಾನು ಕಂಬದ ಬುಡಕ್ಕೆ ಬೆನ್ನು ಕೊಟ್ಟು ಕೂತೆ, ಇಳಿಸಲಿಲ್ಲ. ಡ್ರೈವರುಗಳು ಗಾಡಿಗಳ ಹತ್ತಿರ ಹೋಗಿ ನಿಂತು ಮೇಲೆ ನೋಡಿದರು. ಹನ್ನೊಂದೂವರೆಯಾಯಿತು. ಒಬ್ಬನೂ ಹಾರ್ನ್ ಹೊಡೆಯಲಿಲ್ಲ, ಬಟ್ಟೆ ಮೇಲಿದೆಯಲ್ಲ. ಕೊನೆಗೆ ಸಂಗನಗೌಡರು ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ದುಃಖ ಇದೆ ನನಗೆ ಗೊತ್ತು, ಆದರೆ ಎಲ್ಲ ಮುಗಿಯಿತಲ್ಲ, ಇಳಿಸಪ್ಪಾ ಎಂದು ಮೆಲ್ಲಗೆ ಹೇಳಿದರು.

“ಇಳಿಸ್ತೀನ್ರಿ ಗೌಡ್ರ. ಹತ್ತಕ್ಕ ಹಚ್ಚಿದ್ರ ಎರಡಕ್ಕ ಬಿಡ್ತಾರ. ಮಶೀನಿನ್ಯಾಗ ಅಕ್ಕಗ ನಾಕು ತಾಸು ಹಿಡಿತೈತಿ.”

ಅವರು ನನ್ನ ಮುಖ ನೋಡಿದರು. ನನಗೆ ತಲೆ ಕೆಟ್ಟಿದೆಯೋ ಇಲ್ಲವೋ ಎಂದು ತೂಗಿ ನೋಡಿರಬೇಕು. ಕೆಟ್ಟಿರಲಿಲ್ಲ. ಬೇಕಿದ್ದರೆ ಅವರೇ ಎದ್ದು ಗಂಟು ಬಿಚ್ಚಬಹುದಿತ್ತು, ಅಲ್ಲಿದ್ದ ಐವತ್ತು ಜನರಲ್ಲಿ ಯಾರಾದರೂ ಬಿಚ್ಚಬಹುದಿತ್ತು, ನಾನು ತಡೆಯುತ್ತಿರಲಿಲ್ಲ. ಯಾರೂ ಬಿಚ್ಚಲಿಲ್ಲ. ಗೌಡರು ಎದ್ದು ಹೋಗಿ ತಮ್ಮ ಟ್ರ್ಯಾಕ್ಟರಿನ ನೆರಳಿನಲ್ಲಿ ಕೂತರು. ಬಿಸಿಲಿಗೆ ಕಬ್ಬು ಒಣಗಿತು. ಕಾರ್ಖಾನೆಯ ಪಾಳಿ ತಪ್ಪಿತು, ಜಲ್ಲಿ ಮುಟ್ಟಲಿಲ್ಲ, ಶಾಲೆಯ ಮಕ್ಕಳು ಆಲದ ಕೆಳಗೆ ಬುತ್ತಿ ಬಿಚ್ಚಿ ಉಂಡರು. ಇಡೀ ಊರು ನಾಲ್ಕು ತಾಸು ಕೈಕಟ್ಟಿ ಕೂತಿತ್ತು, ಆಕಾಶವೇನೂ ಕಳಚಿ ಬೀಳಲಿಲ್ಲ. ನಾನು ಕೇಳಿದ್ದು ಅರ್ಧ ತಾಸು.

ಎರಡು ಹೊಡೆದ ಮೇಲೆ ಎದ್ದು ಗಂಟು ಬಿಚ್ಚಿದೆ, ಬಟ್ಟೆ ಮಡಚಿ ಬಗಲಿಗಿಟ್ಟುಕೊಂಡೆ. ಜೇಬಿನಲ್ಲಿದ್ದ ನೆಲ್ಲಿಕಾಯಿಯ ಚೂರನ್ನು ಬಾಯಿಗೆ ಹಾಕಿಕೊಂಡೆ. ಗಾಡಿಗಳೆಲ್ಲ ಒಂದೇ ಸಲ ಶುರುವಾದವು. ನಾನು ಕಲ್ಲುಗಳ ತಳ್ಳುಗಾಡಿ ಹಿಡಿದು ಅವುಗಳ ಹಿಂದೆ ಹೊರಟೆ. ಸಂಜೆಯೊಳಗೆ ರಸ್ತೆ ಮೂವತ್ತೊಂದು ಕಿಲೋಮೀಟರಾಯಿತು, ಸರ್ಕಾರದ್ದೂ ಸೇರಿ ಇದ್ದದ್ದು ಮೂವತ್ತೇ ಕಲ್ಲು.